ದೇಹದ ಸಾಕ್ಷ್ಯ ಮತ್ತು ಧರ್ಮದ ನಿರ್ಣಯ

ಧರ್ಮವನ್ನು ತಿಳಿಯುವ ಪ್ರಮಾಣಗಳು ಯಾವುವು ಎಂಬುದು ಭಾರತೀಯ ಚಿಂತನೆಯ ಅತ್ಯಂತ ಹಳೆಯ ಪ್ರಶ್ನೆಗಳಲ್ಲಿ ಒಂದು. ಮನುಸ್ಮೃತಿಯು ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ: ವೇದವೆಂಬ ಶ್ರುತಿ, ವೇದವನ್ನು ಬಲ್ಲವರು ನೆನಪಿಟ್ಟು ಹೇಳಿದ ಸ್ಮೃತಿ, ಶಿಷ್ಟರ ನಡವಳಿಕೆಯಾದ ಸದಾಚಾರ, ಮತ್ತು ವಿವೇಕಿಯ ಅಂತರಂಗ ಒಪ್ಪುವ ಆತ್ಮತುಷ್ಟಿ. ಈ ಪಟ್ಟಿಯಲ್ಲಿ ನೋಯುವ ದೇಹಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಆದರೆ ಒಂದು ಆಚರಣೆ ಹೆಣ್ಣಿನ ದೇಹವನ್ನೇ ಆಧಾರವಾಗಿ ಮಾಡಿಕೊಂಡು ನಿಂತಿರುವಾಗ, ಆ ದೇಹಕ್ಕೆ ಒದಗುವ ರೋಗ, ಎಳೆವಯಸ್ಸಿನ ಹೆರಿಗೆ ಮತ್ತು ಅಕಾಲ ಮರಣ ಧರ್ಮನಿರ್ಣಯದಲ್ಲಿ ಸಾಕ್ಷ್ಯವಾಗಬಲ್ಲವೇ, ಆಗುವುದಾದರೆ ಆ ಸಾಕ್ಷ್ಯವನ್ನು ನುಡಿಯುವ ಅಧಿಕಾರ ಶಾಸ್ತ್ರಜ್ಞರದೋ, ವೈದ್ಯರದೋ, ಶಾಸಕರದೋ, ಇಲ್ಲವೇ ಆ ದೇಹದ ಒಡತಿಯದೋ ಎಂಬ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಾಗುತ್ತದೆ. ಈ ಪ್ರಶ್ನೆಯನ್ನು ಶಾಸನಸಭೆಯೊಂದರ ನಡುವೆ ತಂದು ನಿಲ್ಲಿಸಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. 1927ರಿಂದ 1930ರವರೆಗೆ ಮದ್ರಾಸ್ ಶಾಸನ ಪರಿಷತ್ತಿನಲ್ಲಿ ಅವರು ಮಾಡಿದ ಕೆಲಸವನ್ನು ಸಮಾಜ ಸುಧಾರಣೆಯ ಇತಿಹಾಸದ ಅಧ್ಯಾಯವಾಗಿ ಓದುವುದು ವಾಡಿಕೆ. ಅದನ್ನು ಧರ್ಮಜಿಜ್ಞಾಸೆಯಾಗಿ ಓದುವುದಕ್ಕೂ ಅಷ್ಟೇ ಬಲವಾದ ಕಾರಣಗಳಿವೆ.

ಮುತ್ತುಲಕ್ಷ್ಮಿಯವರು 1886ರಲ್ಲಿ ಪುದುಕೋಟೆ ಸಂಸ್ಥಾನದಲ್ಲಿ ಹುಟ್ಟಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿಯರ, ಎಂದರೆ ದೇವಾಲಯಕ್ಕೆ ಸಮರ್ಪಿತರಾದ ಹೆಂಗಸರ, ಮನೆತನದ ಹಿನ್ನೆಲೆಯವರು. 1912ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು, ಎಗ್ಮೋರಿನ ಸರ್ಕಾರಿ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಬಳಿಕ ಸ್ತ್ರೀರೋಗಗಳ ಮತ್ತು ಕ್ಯಾನ್ಸರಿನ ಚಿಕಿತ್ಸೆಯ ಕುರಿತು ಇಂಗ್ಲೆಂಡಿನಲ್ಲಿ ಹೆಚ್ಚಿನ ಅಧ್ಯಯನ ನಡೆಸಿ ಬಂದ ಅವರಿಗೆ ಶಾಸನ ಪರಿಷತ್ತಿನ ಸ್ಥಾನ ಒದಗಿದ್ದು ನಾಮಕರಣದ ಮೂಲಕ. ಅದಕ್ಕೆ ಮುಂಚೆ 1926ರ ಚುನಾವಣೆಯಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಇದೇ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತಿದ್ದರು. ಹೀಗಾಗಿ ಬ್ರಿಟಿಷ್ ಭಾರತದ ಮೊದಲ ಶಾಸಕಿ ಮತದಾರರು ಆರಿಸಿ ಕಳುಹಿಸಿದವರಾಗಿರದೆ ಸರ್ಕಾರ ನೇಮಿಸಿದವರಾದರು. ಸಹ ಸದಸ್ಯರು ಅವರನ್ನು ಒಮ್ಮತದಿಂದ ಉಪಾಧ್ಯಕ್ಷರನ್ನಾಗಿ ಆರಿಸಿದರು ಎಂಬುದು ನಿಜವಾದರೂ, ಯಾರ ಪರವಾಗಿ ಮಾತಾಡುತ್ತಿದ್ದರೋ ಆ ಹೆಂಗಸರಿಂದ ಅವರು ಮತ ಕೇಳಿ ಬಂದಿರಲಿಲ್ಲ. ಈ ಸಂಗತಿಯ ತಾತ್ತ್ವಿಕ ಮಹತ್ವ ಮುಂದೆ ಸ್ಪಷ್ಟವಾಗುತ್ತದೆ.

ಪರಿಷತ್ತಿನಲ್ಲಿ ಅವರು ಎತ್ತಿಕೊಂಡ ವಿಷಯಗಳೆಲ್ಲ ಒಂದೇ ಚಿಂತೆಯಿಂದ ಹುಟ್ಟಿದವು. ಶಾಲಾ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ವೈದ್ಯಕೀಯ ತಪಾಸಣೆ ನಡೆಯಬೇಕು, ಮಕ್ಕಳ ಚಿಕಿತ್ಸೆಗೆ ಪ್ರತ್ಯೇಕ ವ್ಯವಸ್ಥೆ ಬೇಕು, ಮದುವೆಯ ವಯಸ್ಸು ಏರಬೇಕು, ವೇಶ್ಯಾಗೃಹಗಳ ವ್ಯಾಪಾರ ನಿಲ್ಲಬೇಕು, ಹೆಣ್ಣುಮಕ್ಕಳನ್ನು ದೇವಾಲಯಗಳಿಗೆ ಸಮರ್ಪಿಸುವ ಪದ್ಧತಿ ಕೊನೆಗೊಳ್ಳಬೇಕು ಎಂದು ಅವರು ಒಂದೊಂದಾಗಿ ಕೇಳಿದರು. ಇವುಗಳಲ್ಲಿ ಧರ್ಮದ ಪ್ರಶ್ನೆಯನ್ನು ನೇರವಾಗಿ ಕೆಣಕಿದ್ದು ಕೊನೆಯದು.

ಸಮರ್ಪಣೆಯ ವಿಧಿಯನ್ನು ತಮಿಳು ನಾಡಿನಲ್ಲಿ ‘ಪೊಟ್ಟುಕಟ್ಟು’ ಎಂದು ಕರೆಯುತ್ತಿದ್ದರು. ‘ಪೊಟ್ಟು’ ಎಂಬುದು ದಾರದಲ್ಲಿ ಪೋಣಿಸಿದ, ತಾಳಿಯಂಥ ಪುಟ್ಟ ಆಭರಣ. ಅದನ್ನು ಹುಡುಗಿಯ ಕೊರಳಿಗೆ ಕಟ್ಟಿದೊಡನೆ ಆಕೆ ದೇವರ ಮಡದಿಯಾದಳೆಂದು ಭಾವಿಸಲಾಗುತ್ತಿತ್ತು. ದೇವರಿಗೆ ಸಾವಿಲ್ಲವಾದ್ದರಿಂದ ಆಕೆಗೆ ವೈಧವ್ಯವೂ ಇಲ್ಲ. ಅದಕ್ಕಾಗಿಯೇ ಆಕೆ ನಿತ್ಯಸುಮಂಗಲಿ, ಎಂದರೆ ಎಂದೂ ಮುತ್ತೈದೆತನ ಕಳೆದುಕೊಳ್ಳದವಳು. ಈ ಕಲ್ಪನೆಯಲ್ಲಿ ಒಂದು ಗೌರವವಿತ್ತು, ಮತ್ತು ಅದರ ಜೊತೆಗೆ ಹಕ್ಕುಗಳೂ ಇದ್ದವು. ದೇವದಾಸಿಯು ಮಕ್ಕಳನ್ನು ದತ್ತು ಪಡೆಯಬಹುದಿತ್ತು, ಆಸ್ತಿ ಹೊಂದಬಹುದಿತ್ತು, ಆಕೆಯ ಆಸ್ತಿ ಹೆಣ್ಣುಮಕ್ಕಳಿಗೆ ಇಳಿಯುತ್ತಿತ್ತು. ಆ ಕಾಲದ ಗೃಹಿಣಿಯರಿಗೆ ಇಂಥ ಹಕ್ಕುಗಳು ವಿರಳ. ಆದರೆ ದಾರ ಕಟ್ಟಿಸಿಕೊಳ್ಳುವ ಹುಡುಗಿ ಸಾಮಾನ್ಯವಾಗಿ ಇನ್ನೂ ಋತುಮತಿಯಾಗದ ಮಗು. ದೇವರೊಡನೆ ಆದ ಮದುವೆಯ ಅರ್ಥ ತಿಳಿಯುವ ಮೊದಲೇ ಆಕೆಗೆ ಮನುಷ್ಯರೊಡನೆ ಮದುವೆಯಾಗುವ ದಾರಿ ಮುಚ್ಚಿಹೋಗುತ್ತಿತ್ತು, ಮತ್ತು ಪ್ರಾಯಕ್ಕೆ ಬಂದಾಗ ಊರಿನ ಧನಿಕನೊಬ್ಬನ ಆಶ್ರಯಕ್ಕೆ ಒಪ್ಪಿಸಲ್ಪಡುವುದು ಬಹುಪಾಲು ನಿಶ್ಚಿತವಾಗಿರುತ್ತಿತ್ತು. ಅಪ್ರಾಪ್ತ ವಯಸ್ಸಿನ ಹುಡುಗಿಯನ್ನು ವೇಶ್ಯಾವೃತ್ತಿಗಾಗಿ ಒಪ್ಪಿಸುವುದನ್ನು ಭಾರತೀಯ ದಂಡ ಸಂಹಿತೆಯ 372 ಮತ್ತು 373ನೇ ಕಲಮುಗಳು ಆಗಲೇ ಅಪರಾಧವೆಂದು ಸಾರಿದ್ದವು. ಆದರೂ ದಾರ ಕಟ್ಟುವ ಗಳಿಗೆಯಲ್ಲಿ ಕಟ್ಟಿಸಿದವರ ಮನಸ್ಸಿನಲ್ಲಿದ್ದ ಉದ್ದೇಶವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಕಷ್ಟವಾಗಿತ್ತು, ಏಕೆಂದರೆ ನೋಡಿದವರ ಕಣ್ಣಿಗೆ ಅದು ಪೂಜೆಯಾಗಿಯೇ ಕಾಣುತ್ತಿತ್ತು.

1927ರ ನವೆಂಬರ್‌ನಲ್ಲಿ ಮುತ್ತುಲಕ್ಷ್ಮಿಯವರು ಸಮರ್ಪಣೆಯನ್ನು ನಿಲ್ಲಿಸಲು ಕಾನೂನು ತರಬೇಕೆಂದು ಸರ್ಕಾರಕ್ಕೆ ಶಿಫಾರಸು ಮಾಡುವ ನಿರ್ಣಯವನ್ನು ಪರಿಷತ್ತಿನಲ್ಲಿ ಮಂಡಿಸಿದರು. ಅದಕ್ಕೆ ಎದುರಾದ ವಾದಗಳಲ್ಲಿ ಎರಡು ತಾತ್ತ್ವಿಕವಾಗಿ ಗಂಭೀರವಾದವು. ಮೊದಲನೆಯದು, ಆಗಮಗಳಲ್ಲಿ ಹೇಳಿದ ದೇವಾಲಯ ಸೇವೆಗಳಲ್ಲಿ ನೃತ್ಯಗೀತಗಳೂ ಸೇರಿರುವುದರಿಂದ ಈ ಪದ್ಧತಿ ಧಾರ್ಮಿಕವಾದದ್ದು ಎಂಬುದು. ಆಗಮಗಳೆಂದರೆ ದೇವಾಲಯದ ನಿರ್ಮಾಣ ಮತ್ತು ಪೂಜೆಗಳನ್ನು ವಿಧಿಸುವ ಗ್ರಂಥಗಳು. ಎರಡನೆಯದು, ಪ್ರಜೆಗಳ ಧಾರ್ಮಿಕ ವಿಷಯಗಳಲ್ಲಿ ಕೈಹಾಕುವುದಿಲ್ಲವೆಂದು 1858ರ ರಾಣಿಯ ಘೋಷಣೆಯಲ್ಲಿ ಮಾತು ಕೊಟ್ಟಿರುವ ಸರ್ಕಾರಕ್ಕೆ ಇದರಲ್ಲಿ ಪ್ರವೇಶವಿಲ್ಲ ಎಂಬುದು. ಇವುಗಳಿಗೆ ಎದುರಾಗಿ ನಿಲ್ಲುವ ಒಂದು ಪೂರ್ವನಿದರ್ಶನ ಕನ್ನಡ ನಾಡಿನಲ್ಲೇ ಇತ್ತು. 1909ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ, ಎಂದರೆ ಸರ್ಕಾರದ ಮೇಲ್ವಿಚಾರಣೆಗೆ ಒಳಪಟ್ಟ ದೇವಾಲಯಗಳಲ್ಲಿ, ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಮೂಲದಲ್ಲಿ ಆ ಪದ್ಧತಿಯ ಉದ್ದೇಶ ಏನೇ ಇದ್ದಿರಲಿ, ಈಗ ಅದು ತಲುಪಿರುವ ಸ್ಥಿತಿಯೇ ಅದನ್ನು ಕೊನೆಗಾಣಿಸಲು ಸಾಕಾದ ಕಾರಣ ಎಂಬುದು ಆ ಕ್ರಮದ ಹಿಂದಿದ್ದ ತರ್ಕ. ಹಿಂದೂ ಅರಸರ ಸರ್ಕಾರವೇ ಹೀಗೆ ನಡೆದುಕೊಂಡಿದ್ದರಿಂದ, ಸಮರ್ಪಣೆ ನಿಂತರೆ ಹಿಂದೂ ಧರ್ಮವೇ ಕುಸಿಯುತ್ತದೆಂಬ ವಾದ ತನ್ನಷ್ಟಕ್ಕೇ ದುರ್ಬಲವಾಯಿತು.

ಆದರೂ ‘ಆಗಮದಲ್ಲಿದೆ’ ಎಂಬ ಮಾತಿಗೆ ಧರ್ಮಶಾಸ್ತ್ರದ ಒಳಗಿನಿಂದಲೇ ಉತ್ತರ ಬೇಕಾಗುತ್ತದೆ. ಹೊರಗಿನಿಂದ ಬಂದ ಕರುಣೆಯಾಗಲಿ ಸರ್ಕಾರದ ಆಜ್ಞೆಯಾಗಲಿ ಶ್ರದ್ಧಾವಂತರ ಮನಸ್ಸನ್ನು ಒಪ್ಪಿಸಲಾರದು. ಅಂಥ ಉತ್ತರದ ಬೀಜ ಪೂರ್ವಮೀಮಾಂಸೆಯಲ್ಲಿದೆ. ವೇದವಾಕ್ಯಗಳ ಅರ್ಥನಿರ್ಣಯಕ್ಕೆ ಮೀಸಲಾದ ಈ ದರ್ಶನದ ಸೂತ್ರಕಾರ ಜೈಮಿನಿಯು ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ ಸ್ಮೃತಿ ಮತ್ತು ಆಚಾರಗಳ ಪ್ರಾಮಾಣ್ಯವನ್ನು ಚರ್ಚಿಸುತ್ತಾನೆ. ವೇದದಲ್ಲಿ ನೇರ ಆಧಾರ ಕಾಣದಿದ್ದರೂ ಶಿಷ್ಟರು ನಡೆಸಿಕೊಂಡು ಬಂದದ್ದಕ್ಕೆ ವೇದಮೂಲವಿರಬೇಕೆಂದು ಊಹಿಸಬಹುದು. ಆದರೆ ಆ ಆಚರಣೆ ಹುಟ್ಟಿಕೊಂಡದ್ದಕ್ಕೆ ಕಣ್ಣಿಗೆ ಕಾಣುವ ಲೌಕಿಕ ಕಾರಣವೊಂದು ಸಿಕ್ಕಿದರೆ ಆ ಊಹೆಗೆ ಅವಕಾಶವಿಲ್ಲ. ಭಾಷ್ಯಕಾರ ಶಬರಸ್ವಾಮಿಯು ಇದಕ್ಕೆ ಕೊಡುವ ಉದಾಹರಣೆ ಮಾರ್ಮಿಕವಾದದ್ದು. ಯಾಗದಲ್ಲಿ ಒಂದು ಹೋಮಕ್ಕೆ ಬಳಸಿದ ವಸ್ತ್ರವನ್ನು ಅಧ್ವರ್ಯುವೆಂಬ ಋತ್ವಿಜನೇ ತೆಗೆದುಕೊಳ್ಳಬೇಕೆಂದು ಒಂದು ಸ್ಮೃತಿ ಹೇಳುತ್ತದೆ. ವಸ್ತ್ರದ ಆಸೆಯಿಂದಲೇ ಈ ನಿಯಮ ಹುಟ್ಟಿರಬಹುದಾದ್ದರಿಂದ ಅದನ್ನು ಧರ್ಮವೆಂದು ಒಪ್ಪಬೇಕಾಗಿಲ್ಲ ಎಂಬುದು ಅವನ ನಿಲುವು. ಲೋಭ ಕಾಣುವಲ್ಲಿ ಪ್ರಾಮಾಣ್ಯ ನಿಲ್ಲುವುದಿಲ್ಲ ಎಂಬ ಈ ತತ್ತ್ವವನ್ನು ಕರ್ಮಕಾಂಡದ ಅತ್ಯಂತ ನಿಷ್ಠ ಸಮರ್ಥಕರೇ ರೂಪಿಸಿದರೆಂಬುದನ್ನು ಮರೆಯಬಾರದು.

ಈ ಒರೆಗಲ್ಲಿಗೆ ಸಮರ್ಪಣೆಯನ್ನು ತಿಕ್ಕಿ ನೋಡಿದರೆ ಕಾಣುವುದೇನು? ದೇವದಾಸಿಯರ ಮನೆತನಗಳಿಗೆ ದೇವಾಲಯಗಳು ಇನಾಂ ಭೂಮಿ ಕೊಟ್ಟಿದ್ದವು. ಇನಾಂ ಎಂದರೆ ಸೇವೆಗೆ ಪ್ರತಿಯಾಗಿ, ಕಂದಾಯದ ರಿಯಾಯಿತಿಯೊಡನೆ ಅನುಭವಿಸಲು ಬಿಟ್ಟ ಜಮೀನು. ಸೇವೆ ನಿಂತರೆ ಜಮೀನು ಕೈತಪ್ಪುತ್ತದೆ. ಸೇವೆ ಮುಂದುವರಿಯಬೇಕಾದರೆ ಪ್ರತಿ ತಲೆಮಾರಿನಲ್ಲೂ ಒಬ್ಬ ಹುಡುಗಿಗೆ ಪೊಟ್ಟು ಕಟ್ಟಲೇಬೇಕು. ತಾಯಂದಿರನ್ನು ಈ ಬಲೆಗೆ ಸಿಕ್ಕಿಸಿದ್ದು ಬಡತನದ ಭಯ, ಬಲೆಯನ್ನು ಬಿಗಿಯಾಗಿ ಇಟ್ಟಿದ್ದು ಆಶ್ರಯದಾತರ ಭೋಗಾಸಕ್ತಿ. 1929ರಲ್ಲಿ ಮುತ್ತುಲಕ್ಷ್ಮಿಯವರ ಯತ್ನದಿಂದ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿಗಳ ಕಾಯ್ದೆಗೆ ತಂದ ತಿದ್ದುಪಡಿ, ಎಂದರೆ 44-ಎ ಕಲಮು, ಈ ಗಂಟಿಗೇ ಕೈಹಾಕಿತು. ಅದು ಜಮೀನನ್ನು ಸೇವೆಯ ಕಟ್ಟಿನಿಂದ ಬಿಡಿಸಿತು. ಮಗಳನ್ನು ದೇವಾಲಯಕ್ಕೆ ಒಪ್ಪಿಸದೆಯೂ, ಗೊತ್ತುಪಡಿಸಿದ ಮೊತ್ತವನ್ನು ಸಲ್ಲಿಸಿ ಹೆಂಗಸು ಜಮೀನನ್ನು ಉಳಿಸಿಕೊಳ್ಳುವಂತಾಯಿತು. ಮೇಲ್ನೋಟಕ್ಕೆ ಇದು ಕಂದಾಯ ಇಲಾಖೆಯ ಒಣ ಸಂಗತಿ. ತಾತ್ತ್ವಿಕವಾಗಿ ನೋಡಿದರೆ ಇದು ಶಬರಸ್ವಾಮಿಯ ಪರೀಕ್ಷೆಯನ್ನು ಶಾಸನದ ಮೂಲಕ ನಡೆಸಿದಂತೆ. ಲಾಭವನ್ನು ಪಕ್ಕಕ್ಕಿಟ್ಟು ಭಕ್ತಿಯನ್ನು ಮಾತ್ರ ಉಳಿಸಿದಾಗ ಎಷ್ಟು ಮಂದಿ ತಮ್ಮ ಮಗಳಿಗೆ ಪೊಟ್ಟು ಕಟ್ಟಿಸುತ್ತಾರೆ ಎಂದು ಅದು ಕೇಳಿತು. ಭಕ್ತಿಗೆ ಅದರಿಂದ ಯಾವ ಅಡ್ಡಿಯೂ ಆಗಲಿಲ್ಲ. ಭಕ್ತಿಯ ಹೆಸರಿನಲ್ಲಿ ಮಗುವಿನ ಮೇಲೆ ಹೇರಿದ್ದ ಆರ್ಥಿಕ ಒತ್ತಾಯ ಮಾತ್ರ ಹೋಯಿತು. ನೇರ ನಿಷೇಧಕ್ಕಿಂತ ಈ ಮೊದಲ ಹೆಜ್ಜೆ ಹೆಚ್ಚು ಆಳವಾದದ್ದೆಂದು ಹೇಳಲು ಇದೇ ಕಾರಣ.

ಲೋಭವನ್ನು ತೋರಿಸುವುದು ನಿಷೇಧಾತ್ಮಕ ವಾದ. ಆಚರಣೆಯೊಂದು ಏಕೆ ಧರ್ಮವಲ್ಲ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಧರ್ಮ ಯಾವುದು ಎಂಬುದನ್ನಲ್ಲ. ಮುತ್ತುಲಕ್ಷ್ಮಿಯವರ ಕೆಲಸದಲ್ಲಿ ಧನಾತ್ಮಕ ವಾದವೂ ಇದೆ, ಮತ್ತು ಅದು ಬಂದದ್ದು ಹೆರಿಗೆ ಕೋಣೆಯಿಂದ. ಬಾಲ್ಯವಿವಾಹದ ಚರ್ಚೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1928ರಲ್ಲಿ ಅವರು ಹುಡುಗಿಯರ ಮದುವೆಯ ವಯಸ್ಸನ್ನು 16ಕ್ಕೂ ಹುಡುಗರದನ್ನು 21ಕ್ಕೂ ಏರಿಸಬೇಕೆಂದು ಪರಿಷತ್ತಿನಲ್ಲಿ ವಾದಿಸಿದರು. 1929ರಲ್ಲಿ ಕೇಂದ್ರ ಶಾಸನಸಭೆ ಅಂಗೀಕರಿಸಿದ ಶಾರದಾ ಕಾಯ್ದೆ ನಿಗದಿಪಡಿಸಿದ್ದು 14 ಮತ್ತು 18. ಋತುಮತಿಯಾಗುವ ಮೊದಲೇ ಮಗಳ ಮದುವೆ ಮಾಡದ ತಂದೆ ದೋಷಿಯಾಗುತ್ತಾನೆಂಬ ಸ್ಮೃತಿವಚನಗಳನ್ನು ವಿರೋಧಿಗಳು ಮುಂದಿಟ್ಟರೆ, ವೈದ್ಯರು ಮುಂದಿಟ್ಟದ್ದು ಬೆಳೆಯದ ಸೊಂಟದ ಎಲುಬನ್ನು: ಕೂಸಿನ ತಲೆ ಹಾದುಹೋಗಲಾರದಷ್ಟು ಇಕ್ಕಟ್ಟಾದ ಎಲುಬಿನ ಗೂಡು, ದಿನಗಟ್ಟಲೆ ಎಳೆಯುವ ಹೆರಿಗೆ, ಕೂಸಿನ ಅಥವಾ ತಾಯಿಯ ಅಥವಾ ಇಬ್ಬರ ಸಾವು, ಬದುಕಿ ಉಳಿದವಳಿಗೆ ಜೀವನವಿಡೀ ಮೂತ್ರ ಸೋರುವ ಗಾಯ. ಇದು ಧರ್ಮಚರ್ಚೆಗೆ ಹೊರಗಿನದೆಂದು ಹೇಳುವವರು ಆಯುರ್ವೇದದ ನಿಲುವನ್ನು ನೆನೆಯಬೇಕು. ಚರಕಸಂಹಿತೆಯ ಮೊದಲ ಅಧ್ಯಾಯವೇ ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳಿಗೂ ಆರೋಗ್ಯವೇ ಮೂಲವೆಂದು ಹೇಳುತ್ತದೆ. ಆರೋಗ್ಯ ಧರ್ಮಕ್ಕೆ ಮೂಲವಾದರೆ, ಆರೋಗ್ಯವನ್ನೇ ಕೆಡಿಸುವ ವಿಧಿಯು ತನ್ನ ಬೇರನ್ನು ತಾನೇ ಕಡಿದುಕೊಳ್ಳುತ್ತದೆ. ಹೆಣ್ಣು ಕೂಡ ಪುರುಷಾರ್ಥಗಳನ್ನು ಸಾಧಿಸಬೇಕಾದ ಜೀವವೆಂದು ಒಪ್ಪಿದ ಮೇಲೆ, ಆಕೆಯ ದೇಹದ ನೋವು ಆತ್ಮತುಷ್ಟಿಯೆಂಬ ನಾಲ್ಕನೆಯ ಪ್ರಮಾಣದ ಬಾಗಿಲಿನಿಂದ ಧರ್ಮನಿರ್ಣಯದೊಳಕ್ಕೆ ಬರಲೇಬೇಕು; ಏಕೆಂದರೆ ಬೇರೊಂದು ಜೀವದ ತಡೆಯಬಹುದಾದ ಸಂಕಟವನ್ನು ಕಂಡೂ ತೃಪ್ತವಾಗುವ ಅಂತರಂಗ ವಿವೇಕಿಯದಾಗಲಾರದು.

ಇಲ್ಲಿಯವರೆಗೆ ಮುತ್ತುಲಕ್ಷ್ಮಿಯವರ ನಿಲುವು ಬಲವಾಗಿದೆ. ಆದರೆ ಅವರನ್ನು ಗೌರವದಿಂದ ಓದುವವರು ಅದರ ಮಿತಿಯನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು. 1927ರಲ್ಲಿ ಮದ್ರಾಸಿನ ದೇವದಾಸಿಯರು ಸಂಘಟಿತರಾಗಿ ಅವರ ಪ್ರಸ್ತಾವವನ್ನು ಪ್ರತಿಭಟಿಸಿದರು. ಆ ಪ್ರತಿಭಟನೆಯ ಮುಂಚೂಣಿಯಲ್ಲಿದ್ದವರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ವಿದ್ಯೆ ಕಲಿತು, ಮದ್ರಾಸಿನಲ್ಲಿ ಹೆಸರಾದ ಗಾಯಕಿ ಬೆಂಗಳೂರು ನಾಗರತ್ನಮ್ಮನವರೂ ಒಬ್ಬರು. ತೆಲುಗು ಕವಯಿತ್ರಿ ಮುದ್ದುಪಳನಿಯ ಕಾವ್ಯವನ್ನು 1910ರಲ್ಲಿ ಸಂಪಾದಿಸಿ ಪ್ರಕಟಿಸಿ ಸರ್ಕಾರದ ನಿಷೇಧವನ್ನು ಎದುರಿಸಿದವರು, ಮುಂದೆ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯನ್ನು ತಮ್ಮ ಗಳಿಕೆಯಿಂದ ಗುಡಿಯಾಗಿಸಿದವರು ಆಕೆ. ತಮ್ಮನ್ನೆಲ್ಲ ವೇಶ್ಯೆಯರೆಂದು ಕರೆಯುವುದು ಅನ್ಯಾಯ, ತಮಗೆ ಬೇಕಾದದ್ದು ವಿದ್ಯೆ ಮತ್ತು ಧರ್ಮಶಿಕ್ಷಣ, ತಮ್ಮ ಕಲೆ ಮತ್ತು ಆಸ್ತಿಯ ಹಕ್ಕನ್ನು ಕಸಿಯಬಾರದು ಎಂಬುದು ಆ ಹೆಂಗಸರ ವಾದದ ಸಾರ. ಮೈಸೂರಿನಲ್ಲೂ ಹೀಗೆಯೇ ಆಗಿತ್ತು. ನಂಜನಗೂಡಿನ ದೇವದಾಸಿಯರು ತಮ್ಮ ವಂಶಪಾರಂಪರ್ಯದ ಹಕ್ಕನ್ನು ಎತ್ತಿ ಹಿಡಿದು ಸರ್ಕಾರಕ್ಕೆ ಅರ್ಜಿ ಸಲ್ಲಿಸಿದ್ದರು. ಇತಿಹಾಸಕಾರ್ತಿ ಜಾನಕಿ ನಾಯರ್ ಮೈಸೂರಿನ ಈ ಪ್ರಕರಣವನ್ನು ಅಧ್ಯಯನ ಮಾಡಿ, ಧರ್ಮ ಯಾವುದೆಂದು ಸರ್ಕಾರ, ಶಾಸ್ತ್ರಜ್ಞರು ಮತ್ತು ಅಧಿಕಾರಿಗಳು ನಿರ್ಣಯಿಸಿದಾಗ ಆ ಹೆಂಗಸರ ದನಿ ಹೇಗೆ ಬದಿಗೆ ಸರಿಯಿತೆಂಬುದನ್ನು ತೋರಿಸಿದ್ದಾರೆ.

ಈ ಪ್ರತಿಭಟನೆಯನ್ನು ಹಿತಾಸಕ್ತಿಯ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಮುತ್ತುಲಕ್ಷ್ಮಿಯವರ ವಾದವೇ ಅದಕ್ಕೆ ಅವಕಾಶ ಕೊಡುವುದಿಲ್ಲ. ಮಗುವಿಗೆ ಒಪ್ಪಿಗೆ ಕೊಡುವ ಶಕ್ತಿಯಿಲ್ಲ, ಆದ್ದರಿಂದ ಮಗುವಿನ ಸಮರ್ಪಣೆ ಧರ್ಮವಾಗಲಾರದು ಎಂಬುದು ಅವರ ನಿಲುವಿನ ತಿರುಳು. ಒಪ್ಪಿಗೆಗೆ ಅಷ್ಟು ಬೆಲೆಯಿರುವುದಾದರೆ, ಪ್ರಾಪ್ತವಯಸ್ಕರಾದ ಹೆಂಗಸರು ತಮ್ಮ ಬದುಕಿನ ಬಗೆಗೆ ಆಡುವ ಮಾತಿಗೂ ಅದೇ ಬೆಲೆ ಸಲ್ಲಬೇಕು. ಇಲ್ಲಿ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡುವುದು ಅಗತ್ಯ. ಮುಂದಿನ ತಲೆಮಾರಿನ ಮಗುವಿಗೆ ಪೊಟ್ಟು ಕಟ್ಟಬಹುದೇ ಎಂಬ ಪ್ರಶ್ನೆಯಲ್ಲಿ ತಾಯಿಯ ಮಾತು ಅಂತಿಮವಲ್ಲ, ಏಕೆಂದರೆ ಅಲ್ಲಿ ಪಣಕ್ಕಿಟ್ಟಿರುವುದು ಇನ್ನೊಬ್ಬಳ ದೇಹ. ಈ ವಿಷಯದಲ್ಲಿ ಮುತ್ತುಲಕ್ಷ್ಮಿಯವರೇ ಸರಿ. ಆದರೆ ಈಗಾಗಲೇ ಸಮರ್ಪಿತರಾದ ಹೆಂಗಸರ ಮಾನ, ಕಲೆ, ಜೀವನೋಪಾಯಗಳು ಏನಾಗಬೇಕು ಎಂಬ ಪ್ರಶ್ನೆಯಲ್ಲಿ ಅವರ ಮಾತನ್ನು ಬಿಟ್ಟು ಬೇರೆ ಪ್ರಮಾಣವಿಲ್ಲ. ಸುಧಾರಣೆಯ ಭಾಷೆ ಈ ಎರಡನ್ನೂ ಒಂದಾಗಿಸಿ, ರೋಗದ ಬಗೆಗೆ ಆಡಬೇಕಾದ ಮಾತನ್ನು ರೋಗಿಯ ಮೇಲೆ ಆಡಿದಾಗ, ಹೆಂಗಸರನ್ನು ಕಾಪಾಡಲು ಹುಟ್ಟಿದ ವಾದವೇ ಅವರಿಗೆ ಕಳಂಕ ಹಚ್ಚುವ ವಾದವಾಯಿತು. 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ಸೈನಿಕರ ಆರೋಗ್ಯಕ್ಕಾಗಿ ವೇಶ್ಯೆಯರ ಹೆಸರು ನೋಂದಾಯಿಸಿ ಬಲವಂತದ ತಪಾಸಣೆಗೆ ಗುರಿಪಡಿಸಿದ್ದನ್ನು ನೆನೆದರೆ, ದೇಹದ ಸಾಕ್ಷ್ಯವನ್ನು ದೇಹದ ಒಡತಿಯ ಮಾತಿನಿಂದ ಬೇರ್ಪಡಿಸುವುದು ಎಂಥ ಅಪಾಯವೆಂಬುದು ಅರಿವಾಗುತ್ತದೆ.

ಈ ಕೊರತೆಯನ್ನು ತುಂಬುವ ದಾರಿ ಶಾಸನಸಭೆಯ ಹೊರಗಿತ್ತು, ಮತ್ತು ಮುತ್ತುಲಕ್ಷ್ಮಿಯವರ ಜೀವನದ ಎರಡನೆಯ ಭಾಗ ಆ ದಾರಿಯಲ್ಲಿ ಸಾಗಿತು. 1917ರಲ್ಲಿ ಅಡಯಾರಿನಲ್ಲಿ ಸ್ಥಾಪನೆಯಾಗಿದ್ದ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಅವರ ಸಾರ್ವಜನಿಕ ಜೀವನಕ್ಕೆ ಬೆನ್ನೆಲುಬಾಗಿತ್ತು. ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ 1930ರಲ್ಲಿ ಅವರು ಪರಿಷತ್ತಿಗೆ ರಾಜೀನಾಮೆ ಕೊಟ್ಟಾಗ, ಸಮರ್ಪಣೆಯನ್ನು ನೇರವಾಗಿ ನಿಷೇಧಿಸುವ ಮಸೂದೆ ಅಲ್ಲಿಯೇ ನಿಂತಿತು. ಅದೇ ಸುಮಾರಿಗೆ ಸಮರ್ಪಣೆಯಿಂದ ತಪ್ಪಿಸಿಕೊಳ್ಳಬಯಸಿದ ಹುಡುಗಿಯರಿಗೆ ಇರಲು ಜಾಗ ಸಿಗದಿದ್ದಾಗ ಅವರು ತಮ್ಮ ಮನೆಯಲ್ಲೇ ಆಶ್ರಯ ಕೊಟ್ಟರು. ಅದು ಅವ್ವೈ ಹೋಮ್ ಎಂಬ ಸಂಸ್ಥೆಯಾಗಿ ಬೆಳೆಯಿತು. ಇದೇ ಕಾಲದಲ್ಲಿ, ಸ್ವತಃ ದೇವದಾಸಿ ಸಮುದಾಯದಲ್ಲಿ ಬದುಕಿದ ಮೂವಲೂರು ರಾಮಾಮಿರ್ದಮ್ಮಾಳ್ ಊರೂರು ತಿರುಗಿ ಸಮರ್ಪಣೆಯ ವಿರುದ್ಧ ಮಾತಾಡಿದರು, 1936ರಲ್ಲಿ ಆ ಬದುಕನ್ನೇ ವಸ್ತುವಾಗಿಸಿ ಕಾದಂಬರಿ ಬರೆದರು. ವೈದ್ಯೆಯಾದ ಶಾಸಕಿಯ ಮಾತಿಗೆ ಇಲ್ಲದ ಅಧಿಕಾರವೊಂದು ಆಕೆಯ ಮಾತಿಗಿತ್ತು: ಸುಧಾರಣೆ ಹೊರಗಿನವರ ತೀರ್ಪಲ್ಲ, ಒಳಗಿನವರ ಬೇಡಿಕೆಯೂ ಹೌದು ಎಂಬುದನ್ನು ಅದು ಸಾಬೀತುಪಡಿಸಿತು. ಸಮರ್ಪಣೆಯನ್ನು ನಿಷೇಧಿಸುವ ಮದ್ರಾಸ್ ಕಾಯ್ದೆ ಕೊನೆಗೂ 1947ರಲ್ಲಿ ಬಂದಾಗ, ಅದರ ಹಿಂದೆ ಈ ಎರಡೂ ದನಿಗಳ ದುಡಿಮೆಯಿತ್ತು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕನ್ನಡಿಗರೂ ಆ ಕಾಯ್ದೆಯ ವ್ಯಾಪ್ತಿಗೆ ಬಂದರು. ಕ್ಯಾನ್ಸರಿಗೆ ತಂಗಿಯನ್ನು ಕಳೆದುಕೊಂಡಿದ್ದ ಮುತ್ತುಲಕ್ಷ್ಮಿಯವರು ಅದೇ ಮಹಿಳಾ ಸಂಘದ ಬಲದಿಂದ 1954ರಲ್ಲಿ ಅಡಯಾರಿನಲ್ಲಿ ಕ್ಯಾನ್ಸರ್ ಸಂಸ್ಥೆಯನ್ನು ತೆರೆದದ್ದೂ ಈ ಮಾತನ್ನೇ ದೃಢಪಡಿಸುತ್ತದೆ: ಕಾನೂನು ಬಾಗಿಲು ತೆಗೆಯಬಲ್ಲದು, ಒಳಗೆ ಬಂದವರನ್ನು ಆದರಿಸಲು ಸಮುದಾಯವೇ ಬೇಕು.

ಸ್ವತಂತ್ರ ಭಾರತದ ಸಂವಿಧಾನವು ಈ ಚರ್ಚೆಯನ್ನು ತನ್ನ 25ನೇ ವಿಧಿಯಲ್ಲಿ ಅಡಕಗೊಳಿಸಿತು. ಧಾರ್ಮಿಕ ಸ್ವಾತಂತ್ರ್ಯವು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟದ್ದೆಂದು ಆ ವಿಧಿ ಹೇಳುತ್ತದೆ, ಸಮಾಜ ಸುಧಾರಣೆಗಾಗಿ ಕಾನೂನು ಮಾಡುವ ಅಧಿಕಾರವನ್ನೂ ಉಳಿಸುತ್ತದೆ. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ, ಮದ್ರಾಸಿನ ನಂತರದ ಧಾರ್ಮಿಕ ದತ್ತಿ ಕಾಯ್ದೆಯನ್ನು ಕುರಿತು ತೀರ್ಪು ಕೊಡುತ್ತ, ಸುಪ್ರೀಂ ಕೋರ್ಟು ಧರ್ಮವೊಂದರ ಅತ್ಯಗತ್ಯ ಅಂಗ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತಗಳನ್ನೇ ಆಧರಿಸಿ ತಿಳಿಯಬೇಕೆಂದು ಹೇಳಿತು. ಇವೆರಡನ್ನೂ ಜೊತೆಯಾಗಿ ಓದಿದಾಗ ದೇಹದ ಸಾಕ್ಷ್ಯ ಮತ್ತು ಪರಂಪರೆಯ ಒಳಗಿನ ತರ್ಕ ಪರಸ್ಪರ ಶತ್ರುಗಳಲ್ಲವೆಂದು ತಿಳಿಯುತ್ತದೆ. ಮೀಮಾಂಸೆಯ ಲೋಭಪರೀಕ್ಷೆಯೂ ಚರಕನ ಆರೋಗ್ಯತತ್ತ್ವವೂ ಧರ್ಮದ ಒಳಗಿನವೇ. ಅವುಗಳನ್ನು ಬಳಸುವ ಧೈರ್ಯ ಮಾತ್ರ ಹೊಸದಾಗಿ ಬೇಕಾಗಿತ್ತು.

ಕರ್ನಾಟಕದ ಅನುಭವವೂ ಇದನ್ನೇ ಕಲಿಸುತ್ತದೆ. 1982ರ ಕರ್ನಾಟಕ ದೇವದಾಸಿಯರ (ಸಮರ್ಪಣಾ ನಿಷೇಧ) ಕಾಯ್ದೆ ಸಮರ್ಪಣೆಯನ್ನು ಅಪರಾಧವೆಂದು ಸಾರಿ, ಸಮರ್ಪಿತಳಾದವಳ ಮದುವೆ ಸಿಂಧುವೆಂದು ಒಪ್ಪಿ, ತಂದೆತಾಯಿ ಅಥವಾ ಪೋಷಕರೇ ಭಾಗಿಗಳಾದರೆ ಹೆಚ್ಚಿನ ಶಿಕ್ಷೆ ವಿಧಿಸಿತು. ಹಾಗಿದ್ದೂ 1993-94 ಮತ್ತು 2007-08ರಲ್ಲಿ ರಾಜ್ಯ ನಡೆಸಿದ ಸಮೀಕ್ಷೆಗಳಲ್ಲಿ ಗುರುತಿಸಲಾದ ಮಾಜಿ ದೇವದಾಸಿಯರ ಸಂಖ್ಯೆ 46 ಸಾವಿರವನ್ನು ಮೀರಿತ್ತು. ಅವರಲ್ಲಿ ಬಹುಪಾಲು ಮಂದಿ ಉತ್ತರ ಕರ್ನಾಟಕದ ದಲಿತ ಕುಟುಂಬಗಳವರು. ತಮಿಳು ನಾಡಿನ ದೇವದಾಸಿಯರಿಗಿದ್ದ ಇನಾಂ ಭೂಮಿಯಾಗಲಿ ಸಭೆಗಳ ಸಂಗೀತವಾಗಲಿ ಅವರ ಪಾಲಿಗೆ ಎಂದೂ ಇರಲಿಲ್ಲ. ಅಲ್ಲಿ ಮುತ್ತು ಕಟ್ಟುವಂತೆ, ಎಂದರೆ ಮಗಳನ್ನು ಸಮರ್ಪಿಸುವಂತೆ, ಮಾಡಿದ್ದು ಜಾತಿಯ ದಬ್ಬಾಳಿಕೆ, ಹಸಿವು, ಕಾಯಿಲೆ ಮತ್ತು ಗಂಡುಮಕ್ಕಳಿಲ್ಲದ ಮನೆಯ ಮುಪ್ಪಿನ ಚಿಂತೆ. ಇಂಥಲ್ಲಿ ಶಿಕ್ಷೆಯ ಭಯ ಆಚರಣೆಯನ್ನು ಮರೆಗೆ ತಳ್ಳಬಹುದೇ ಹೊರತು ಅದರ ಕಾರಣವನ್ನು ಅಳಿಸಲಾರದು. ಕಾರಣವನ್ನು ಅಳಿಸಬೇಕಾದರೆ ಜಮೀನು, ಮಾಸಾಶನ, ಮಕ್ಕಳ ಶಾಲೆ ಮತ್ತು ಹತ್ತಿರದ ಆರೋಗ್ಯ ಕೇಂದ್ರ ಬೇಕು, ಮತ್ತು ಇವುಗಳಲ್ಲಿ ಯಾವುದು ಮೊದಲು ಬೇಕೆಂದು ಹೇಳುವ ಅಧಿಕಾರ ಆ ಹೆಂಗಸರಿಗೇ ಇರಬೇಕು.

ಹಾಗಾದರೆ ಮಹಿಳೆಯ ಆರೋಗ್ಯಕ್ಕಾಗಿ ಆಚರಣೆಯೊಂದರಲ್ಲಿ ಕೈಹಾಕುವ ಶಾಸಕರ ಕೆಲಸ ಧರ್ಮವಿರೋಧಿಯೇ ಎಂಬ ಪ್ರಶ್ನೆಗೆ ಎರಡು ಹಂತದ ಉತ್ತರವಿದೆ. ಆಚರಣೆಯ ಹಿಂದಿರುವ ಲೋಭವನ್ನು ಬಯಲಿಗೆಳೆದು, ದೇಹದ ಸಂಕಟವನ್ನು ಪ್ರಮಾಣವಾಗಿ ಮುಂದಿಟ್ಟು, ಮಾತಾಡಲಾರದ ಮಗುವಿನ ಪರವಾಗಿ ಶಾಸನ ರಚಿಸುವವರು ಧರ್ಮಶೋಧನೆಯಲ್ಲೇ ತೊಡಗಿರುತ್ತಾರೆ. ಈ ಅರ್ಥದಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರು ತಮ್ಮ ಕಾಲದ ಶಾಸ್ತ್ರಜ್ಞರಿಗಿಂತ ಶಾಸ್ತ್ರಕ್ಕೆ ಹೆಚ್ಚು ನಿಷ್ಠರಾಗಿದ್ದರು. ಆದರೆ ಆ ಶೋಧನೆ ಪೂರ್ಣವಾಗುವುದು, ಮಾತಾಡಬಲ್ಲವರ ಮಾತನ್ನು, ಅದು ಶಾಸಕರಿಗೆ ಹಿಡಿಸದಿದ್ದಾಗಲೂ, ಕಲಾಪದ ಒಳಗೆ ತಂದಾಗ ಮಾತ್ರ. ಮಗುವಿನ ದೇಹ ಮತ್ತು ತಾಯಿಯ ಮಾತು ಇವೆರಡಕ್ಕೂ ಸಮನಾದ ಗೌರವ ಸಲ್ಲಿಸುವ ಶಾಸನವನ್ನು ಧರ್ಮಸಮ್ಮತವೆಂದು ಕರೆಯಬಹುದು. ಇವುಗಳಲ್ಲಿ ಒಂದನ್ನು ಮಾತ್ರ ಗೌರವಿಸುವ ಶಾಸನ, ಅದರ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಅರ್ಧ ದಾರಿಯಲ್ಲೇ ನಿಲ್ಲುತ್ತದೆ.